ಮೂಟೆ ಕಟ್ಟಿದ ಹೆಸರುಗಳು

ಫೈಲುಗಳ ನಕಲು ಇಡುವ ಬ್ಯಾಕಪ್ ಡಬ್ಬದ ಫ್ಯಾನಿನ ಧೂಳು ಒರೆಸಲೆಂದು ಮೊನ್ನೆ ಅದರ ಮುಚ್ಚಳ ಬಿಚ್ಚಿದೆ. ಗಮ್ಮೆಂದು ನಶ್ಯದ ವಾಸನೆ ಬಂತು. ಮಧುಗಿರಿಯ ನನ್ನ ಕಂಪ್ಯೂಟರ್ ಸೆಂಟರಿನಲ್ಲಿ ನಶ್ಯ ಏರಿಸುತ್ತಿದ್ದವರು ಒಬ್ಬರೇ, ನಮ್ಮ ಪಕ್ಕದ ಮನೆಯ ಕಂಡಕ್ಟರ್ ಮಾಮ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯ ದಿನ ಅಂಗಡಿಯಲ್ಲಿ ಇದ್ದವರು ನಾನು, ಮಾಮ, ಮತ್ತೆ ಶಿರಾದಿಂದ ಬಂದಿದ್ದ ರಿಪೇರಿಯವನು. ಶಿರಾ, ಪಾವಗಡದ ಕಡೆಯ ಬಸ್ಸುಗಳಲ್ಲೇ ಆಯುಸ್ಸು ಸವೆಸಿದ್ದ ಮಾಮ, ನಿವೃತ್ತರಾದ ಮೇಲೆ ಅದೇ ಹಳ್ಳಿಗಳಿಗೆ ಹೋಗಿ ಮುದುಕಿಯರ ಹಾಡು ರೆಕಾರ್ಡ್ ಮಾಡಿ ತಂದು ಕಂಪ್ಯೂಟರಿಗೆ ತುಂಬುತ್ತಿದ್ದರು. ಫೈಲಿನ ಹೆಸರೆಂದರೆ ಅವರಿಗೆ ಪೂರ್ತಿ ಸಮಾಚಾರ. ‘ತಾವರೆಕೆರೆ ಹುಣಸೆಮರದ ಮನೆಯ ದೊಡ್ಡಮ್ಮ ರಾಗಿ ಬೀಸುತ್ತಾ ಹೇಳಿದ್ದು, ಮೂರನೇ ಸೊಲ್ಲು ಮರೆತು ನಕ್ಕಿದ್ದು, ಆಮೇಲೆ ಮಜ್ಜಿಗೆ ಕೊಟ್ಟಿದ್ದು’... ಹೀಗೆ.

ಆ ಕಂಪ್ಯೂಟರಿನ ಡಿಸ್ಕು ಕಟಕಟ ಅನ್ನತೊಡಗಿತ್ತು. ಹಾಡಿದವರಲ್ಲಿ ಎಷ್ಟೋ ಮಂದಿ ಆಗಲೇ ಇರಲಿಲ್ಲ. ಡಿಸ್ಕು ನಿಂತರೆ ಅವರ ದನಿಯೂ ಹೋದಂತೆ. ನನ್ನ ಅಂಗಡಿಯ ಕಂಪ್ಯೂಟರುಗಳೆಲ್ಲ ನೆಟ್‌ವರ್ಕಿನ ಮೂಲಕ ಇದೇ ಡಬ್ಬಕ್ಕೆ ಬ್ಯಾಕಪ್ ಆಗುತ್ತಿದ್ದವು. ಈ ಹಾಡುಗಳನ್ನೂ ಅಲ್ಲಿಗೇ ಸೇರಿಸೋಣವೆಂದು ಮಾಮನ ಕಂಪ್ಯೂಟರನ್ನು ಹೊತ್ತು ತಂದೆವು.

ಡಬ್ಬ ಒಪ್ಪಲಿಲ್ಲ. ಹೆಸರು ತೀರಾ ಉದ್ದವಾಯಿತೆಂದು ಒಂದೊಂದೇ ಫೈಲನ್ನು ವಾಪಸ್ಸು ತಳ್ಳಿತು.

“ಎರಡರ ಫೈಲ್ ಸಿಸ್ಟಮ್ಮೂ ಬ್ಯಾರೆ, ಯಜಮಾನ್ರೆ,” ಎಂದ ರಿಪೇರಿಯವನು. “ನಿಮ್ ಕಂಪ್ಯೂಟ್ರು ಅಕ್ಷರ ಎಣಿಸ್ತದೆ. ಈ ಡಬ್ಬ ಅಕ್ಷರ ಹಿಡಿಯೋ ಜಾಗ ಎಣಿಸ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಸೀಟು ಸಾಕು, ಕನ್ನಡದ್ದಕ್ಕೆ ಮೂರು ಬೇಕು.”

“ಮೂರು ಸೀಟಾ!” ಮಾಮ ನನ್ನ ಕಡೆ ತಿರುಗಿದರು. “ನೋಡಮ್ಮ, ನಮ್ಮಕ್ಷರ ಮೈಕೈ ತುಂಬ್ಕಂಡೈತೆ.”

“ಹಾಡು ಒಂದು, ಹಾಡು ಎರಡು ಅಂತ ಹೆಸರು ಬದಲಾಯಿಸ್ಬುಡಿ. ಹಾಡು ಅಂಗೇ ಇರ್ತದಲ್ಲ?” ಎಂದ ರಿಪೇರಿಯವನು.

ಮಾಮ ಎದ್ದು ನಿಂತರು. “ಏನ್ಲಾ, ನಾಳೆ ನಿನ್ನೂ ರಿಪೇರಿ ಒಂದು ಅಂತ ಕರೀಲಾ? ಆಯಮ್ಮ ನಕ್ಕಿದ್ದು ಯಾವ ನಂಬರ್‌ನಾಗೈತೆ ಅಂತ ಯಾರಿಗ್ಲಾ ಗೊತ್ತಾಯ್ತದೆ? ಒಂದಕ್ಷರಾನೂ ಕೆಳಗಿಳ್ಸಕಿಲ್ಲ. ‘ಒಳಗ್ ಹೋಗಿ, ಒಳಗ್ ಹೋಗಿ’ ಅಂತ ಹೇಳು ನಿನ್ ಡಬ್ಬಕ್ಕೆ!”

“ಮಾಮ, ಡಿಸ್ಕು ಕೈಕೊಟ್ರೆ ಹಾಡೂ ಇಲ್ಲ, ಹೆಸರೂ ಇಲ್ಲ,” ಎಂದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

“ಹೋದ್ರೆ ಹೆಸರಿನ ಜತೇಲೇ ಹೋಗ್ಲಿ ಕಣಮ್ಮ. ಹೆಸರು ಕಿತ್ತಾಕಿ ಉಳ್ಸೋದು ಬ್ಯಾಡ.”

ಒಂದು ಚಿಟಿಕೆ ನಶ್ಯ ಏರಿಸಿ, ಡಬ್ಬದ ಮೇಲೆಯೇ ಜೋರಾಗಿ ಸೀನಿದರು. ಆಮೇಲೆ ರಿಪೇರಿಯವನನ್ನು ದುರುಗುಟ್ಟಿ ನೋಡುತ್ತ, “ಲೇ, ಪಾವಗಡದ ಕಡೆ ಹೊಸಕೋಟೆ ಕಡ್ಲೆಕಾಯಿ ಏನು ಸೀಟ್‌ನಾಗೆ ಕೂತ್ಕಂಡು ಬತ್ತಿತ್ತಾ? ಮೂಟೆ ಕಟ್ಟಿ ಟಾಪಿಗಾಕ್ತಿದ್ವಿ,” ಎಂದರು.

ನಗಲು ಹೊರಟವನು ಅರ್ಧಕ್ಕೇ ನಿಂತ. “ಮೂಟೆ... ಆಯ್ತದೆ, ಯಜಮಾನ್ರೆ. ಎಲ್ಲಾ ಸೇರ್ಸಿ ಒಂದೇ ಜಿಪ್ ಮಾಡಿದ್ರೆ ಡಬ್ಬಕ್ಕೆ ಕಾಣೋದು ಮೇಲಿನ ಹೆಸರೊಂದೇ. ಒಳಗಿನವು ಎಷ್ಟುದ್ದ ಇದ್ರೂ ಅದು ಕೇಳಕಿಲ್ಲ.”

ಮೇಲಿನ ಹೆಸರನ್ನು ‘ಮೂಟೆ’ ಎಂದೇ ಬರೆದ. ಡಿಸ್ಕು ಕಟಕಟ ಅನ್ನುತ್ತಲೇ ಇತ್ತು. ಮಾಮ ಕುರ್ಚಿಯಲ್ಲಿ ಕೂರಲೇ ಇಲ್ಲ, ಫುಟ್‌ಬೋರ್ಡಿನ ಮೇಲೆ ನಿಂತವರ ಹಾಗೆ ಮೇಜು ಹಿಡಿದೇ ನಿಂತಿದ್ದರು. ಕೊನೆಗೆ ಇನ್ನೊಂದು ಕಂಪ್ಯೂಟರಿನಲ್ಲಿ ಮೂಟೆ ಬಿಚ್ಚಿ ನೋಡಿದೆವು. ಹೆಸರುಗಳೆಲ್ಲ ಕೊಂಬು ದೀರ್ಘದ ಸಮೇತ ಇದ್ದವು. ಮಾಮ ಡಬ್ಬದ ಬೆನ್ನಿಗೆ ಎರಡೇಟು ಬಡಿದು, “ರೈಟ್!” ಎಂದು ಕೂಗಿದರು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಆ ಡಿಸ್ಕು ಅದೇ ಬೇಸಿಗೆಯಲ್ಲಿ ನಿಂತಿತು. ಮಾಮ ಮರುವರ್ಷ ಹೋದರು... ಆಸ್ಪತ್ರೆಯಲ್ಲೂ ಪಕ್ಕದ ಮಂಚದವರ ಊರು ವಿಚಾರಿಸುತ್ತಿದ್ದರಂತೆ.

ಫ್ಯಾನು ಒರೆಸಿ ಮುಚ್ಚಳ ಹಾಕಿದ ಮಾರನೆಯ ದಿನ ತಾವರೆಕೆರೆಯ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. “ಅಕ್ಕ, ನಮ್ಮಜ್ಜಿ ದನಿ ನಿಮ್ಮತ್ರ ಐತಂತೆ. ನಮ್ದು ಹುಣಸೆಮರದ ಮನೆ.” ಮೂಟೆ ಬಿಚ್ಚಿ, ಅವಳು ಹೇಳಿದ ಮಾತನ್ನೇ ಹುಡುಕಿದೆ. ಸಿಕ್ಕಿತು. ಮೂರನೇ ಸೊಲ್ಲಿಗೆ ಬೀಸುವ ಕಲ್ಲು ನಿಂತು, ಅಜ್ಜಿ ನಕ್ಕರು.

“ನಮ್ಮವ್ವ ನಗೋದೂ ಇಂಗೇ,” ಎಂದಳು ಹುಡುಗಿ.

ಹಾಡನ್ನು ಅವಳ ಫೋನಿಗೆ ಹಾಕಲು ಹೋದರೆ ಅದೂ ಹೆಸರು ಉದ್ದವಾಯಿತೆಂದಿತು. “ಚಿಕ್ಕದು ಮಾಡಲೇನಮ್ಮ, ಇಲ್ಲ ಹೀಗೇ ಮೂಟೆ ಕಟ್ಟಲೇ?” ಎಂದು ಕೇಳಿದೆ. ಅವಳು ಮಜ್ಜಿಗೆಯವರೆಗೂ ಇನ್ನೊಮ್ಮೆ ಓದಿದಳು.

“ಬ್ಯಾಡ ಬುಡಿ ಅಕ್ಕ. ಮೂಟೇನೇ ಕಟ್ಕೊಡಿ.”

ಕಟ್ಟಿಕೊಟ್ಟೆ. ರೈಟ್ ಅನ್ನುವವರು ಮಾತ್ರ ಇರಲಿಲ್ಲ.