ಪಾಸಾದ ಸುದ್ದಿ ಹೊತ್ತು ಮಸ್ಕಿಗೆ

ಒದ್ದೆ ಕಂಬಳಿಗೆ ಒಂದು ವಾಸನೆಯಿದೆ. ಕುರಿಯ ಮೈ, ಒಲೆಯ ಹೊಗೆ, ಹುಳಿ ಮಜ್ಜಿಗೆ, ಮಳೆ ಬಿದ್ದ ಎರೆಮಣ್ಣು ಎಲ್ಲ ಒಟ್ಟಿಗೆ ಸೇರಿದ ವಾಸನೆ. ಹೋದ ತಿಂಗಳು ಸಿಂಧನೂರಿನಲ್ಲಿ ಖಾಜಾನ ಮನೆಯವರನ್ನು ಮಾತಾಡಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಮಳೆಗೆ ಸಿಕ್ಕ ಕುರಿ ಕಾಯುವ ಮುದುಕನೊಬ್ಬ ಕಂಬಳಿ ಹೊದ್ದು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕುಳಿತ. ಪಕ್ಕದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿ ಎಳೆದು ಮುಚ್ಚಿದೆ, ವಾಸನೆ ಹೊರಗೆ ಹೋಗಿಬಿಟ್ಟೀತೆಂದು. ಖಾಜಾನ ಮನೆಯಲ್ಲಿ ಅವನ ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿದ್ದನ್ನು ನೋಡಿದಾಗಲೂ ಬರದ ಅಳು ಅಲ್ಲಿ ಬಂತು. ಖಾಜಾ ನನ್ನ ಜೊತೆ ಎಸ್ಸೆಸ್ಸೆಲ್ಸಿ ಓದಿದವನು. ಪರೀಕ್ಷೆಗೆಂದು ಲಿಂಗಸುಗೂರಿನಲ್ಲಿ ನಾವು ಹೂಡಿದ್ದ ಆ ಪುಟ್ಟ ಸಂಸಾರದಲ್ಲಿ ಇಷ್ಟು ದಿನ ಉಳಿದಿದ್ದವರು ಅವನು, ನಾನು ಇಬ್ಬರೇ. ಈಗ ನಾನೊಬ್ಬಳು.

ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾದ ಮೇಲಿನ ಮಾತು. ನೀವು ಆ ಸೀಮೆಯವರಾಗಿದ್ದರೆ ನಿಮಗೂ ನೆನಪಿರಬಹುದು, ಆಗ ಸಿಂಧನೂರಿನ ಗಾಳಿಯೇ ಬೇರೆಯಾಗಿತ್ತು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀರು ನಿಂತು ಭತ್ತದ ಹಸಿರು ಎದ್ದಿತ್ತು. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪು ಕಟ್ಟಿಕೊಂಡು ತೆಲುಗಿನಲ್ಲಿ ಕೂಗಾಡುತ್ತ ನಾಟಿ ಮಾಡುತ್ತಿದ್ದರು. ಅಕ್ಕಿ ಗಿರಣಿಯ ತೌಡಿನ ಧೂಳು ಶಾಲೆಯ ಕಿಟಕಿಯಿಂದ ಬಂದು ನಮ್ಮ ಪುಸ್ತಕದ ಮೇಲೆ ಕೂರುತ್ತಿತ್ತು. ಕಾಲುವೆ ಕೆಲಸ ನೋಡುವ ಓವರ್ಸಿಯರ್ ಜೀಪು ಹೋದರೆ ಪಾಠ ನಿಲ್ಲಿಸಿ ಮಾಸ್ತರರೂ ಹೊರಗೆ ನೋಡುತ್ತಿದ್ದರು. ಅಂಥ ಊರಿನ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಪರೀಕ್ಷೆಯ ಸೆಂಟರ್ ಲಿಂಗಸುಗೂರಿನಲ್ಲಿತ್ತು, ಅಲ್ಲಿಗೆ ಹೋಗಿ ಉಳಿಯಬೇಕಿತ್ತು. ಹೆಣ್ಣು ಹುಡುಗಿಯನ್ನು ಹೇಗೆ ಕಳಿಸುವುದೆಂದು ಅಪ್ಪ ತಲೆ ಕೆಡಿಸಿಕೊಂಡು ಕುಳಿತಾಗ ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ತೀರ್ಮಾನದ ಮಾತು ಆಡಿಬಿಟ್ಟಳು. "ನಾ ಹೋಗ್ತೀನಿ ತಗೋ. ಒಬ್ಬಾಕಿಗೆ ಒಲಿ ಹಚ್ಚೂದೂ ಅಷ್ಟ, ನಾಕು ಮಂದಿಗೆ ಹಚ್ಚೂದೂ ಅಷ್ಟ. ಅಲ್ಲಿ ಬೀಗರು ನೆಂಟರು ಇಲ್ಲದ ಹುಡುಗರು ಇದ್ರ ಅವರೂ ಬಂದು ಉಣ್ಣಲಿ."

ಹಾಗೆ ಬಂದವರು ಮೂವರು. ಟೇಲರ್ ಮಗ ಖಾಜಾ, ಬಟ್ಟೆ ಅಂಗಡಿಯವರ ಮಗ ವೀರಭದ್ರ, ಸಾಲಗುಂದದ ಕಡೆಯ ಕುರಿ ಕಾಯುವ ಬೀರಪ್ಪನ ಮಗ ಹಣಮಂತ. ಲಿಂಗಸುಗೂರಿನಲ್ಲಿ ಅಪ್ಪನ ಗುರುತಿನವರ ಹಳೆಯ ಮನೆಯೊಂದು ಖಾಲಿ ಇತ್ತು. ಮಣ್ಣಿನ ಮಾಳಿಗೆ, ಹಿತ್ತಲಲ್ಲಿ ಬಾವಿ, ಒಳಗೆ ಹಗಲಿನಲ್ಲೂ ಕತ್ತಲೆ. ಮೊದಲ ದಿನ ಆಯಿ ಖಾಜಾನಿಗೆ ಪಡಸಾಲೆಯ ಆಚೆ ತುದಿಯಲ್ಲಿ ಎಲೆ ಹಾಕಿದಳು. ಅವನು ಅಲ್ಲೇ ಉಂಡ. ಎರಡನೆಯ ದಿನ ಅವನು "ಆಯಿ, ಅಲ್ಲಿಗೆ ನಿನ್ನ ಚಟ್ನಿ ಬರೂದ್ರಾಗ ರೊಟ್ಟಿ ಮುಗಿತೈತಿ" ಎಂದ. ಆಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಹಂಗಾರ ಈಚಿ ಕಡಿ ಬಂದು ಕುಂದ್ರು, ಬಾಯಿಬಡಕ" ಎಂದಳು. ಅಲ್ಲಿಂದ ಮುಂದೆ ಎಲ್ಲರೂ ಒಲೆಯ ಸುತ್ತಲೇ ಕೂತೆವು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಆಯಿಯ ರೊಟ್ಟಿ ಬಡಿಯುವ ಸದ್ದಿಗೆ ಎದ್ದು, ಅದೇ ಸದ್ದಿನಲ್ಲಿ ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡಿ ನಾವು ಪರೀಕ್ಷೆಗೆ ನಡೆಯುತ್ತಿದ್ದೆವು. ಇಷ್ಟು ದೀರ್ಘ ಬದುಕಿನಲ್ಲಿ ಆ ಮನೆಯಲ್ಲಿ ನಾನಿದ್ದದ್ದು ಕೆಲವೇ ದಿನ. ಆದರೆ ಮನೆ ಎಂದು ಯಾರಾದರೂ ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಅದೇ.

ಸಂಜೆ ಸೆಕೆ ತಡೆಯಲಾಗದೆ ಮಾಳಿಗೆ ಹತ್ತುತ್ತಿದ್ದೆವು. ಆಯಿ ಬೀಸಣಿಗೆ ಹಿಡಿದು ಒಂದು ಮೂಲೆಯಲ್ಲಿ. ಪುಸ್ತಕ ಮುಚ್ಚಿದರೆ ಮುಂದೆ ಏನಾಗುತ್ತೇವೆ ಎಂಬುದೊಂದೇ ಮಾತು. ಕಾಲುವೆ ನಮ್ಮೆಲ್ಲರ ಕಣ್ಣಿಗೆ ಏನನ್ನೋ ಹಚ್ಚಿಬಿಟ್ಟಿತ್ತು. ದೊಡ್ಡವರಾಗುವುದಷ್ಟೇ ಬಾಕಿ, ಉಳಿದದ್ದೆಲ್ಲ ತಾನಾಗಿ ಹರಿದು ಬರುತ್ತದೆ ಎಂದು ನಂಬಿದ್ದೆವು.

"ನಾ ಸಿಂಧನೂರಾಗ ಟಾಕೀಸ್ ಹಾಕಾಂವ" ಎಂದ ಖಾಜಾ. "ಮೊದಲ್ನೇ ಆಟ ನಿಮಗೆಲ್ಲಾ ಪುಕ್ಕಟೆ. ಆಯಿಗೆ ಕುರ್ಚಿ, ವೀರಭದ್ರಗ ನೆಲ."

"ಅಷ್ಟೊತ್ತಿಗೆ ನಾ ಓವರ್ಸಿಯರ್ ಆಗಿರ್ತೀನಿ ಮಗನ. ನಿನ್ನ ಟಾಕೀಸ್ ಮುಂದ ಜೀಪ್ ನಿಲ್ಲಿಸಿ ಹಾರ್ನ್ ಹೊಡಿತೀನಿ, ನೀನಽ ಓಡಿ ಬರಬೇಕು" ಎಂದ ವೀರಭದ್ರ.

"ಬರ್ತೀನಿ, ಬರ್ತೀನಿ. ಜೀಪ್ ತಳ್ಳಾಕ ಯಾರರ ಬೇಕಲ್ಲ!"

ನಾನು ಟೀಚರ್ ಆಗುತ್ತೇನೆ ಎಂದದ್ದಕ್ಕೆ ಯಾರೂ ನಗಲಿಲ್ಲ, ಯಾರಿಗೂ ಅದರಲ್ಲಿ ಆಶ್ಚರ್ಯವಿರಲಿಲ್ಲ. ಹಣಮಂತ ಮಾತ್ರ ಸುಮ್ಮನೆ ಕುಳಿತಿದ್ದ. ಅವನು ಮಾತು ಕಡಿಮೆಯವನು. ಇಡೀ ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು, ಕೇಳಿದಷ್ಟಕ್ಕೆ ಉತ್ತರ ಹೇಳಿ, ಗಣಿತದಲ್ಲಿ ಎಲ್ಲರಿಗಿಂತ ಹೆಚ್ಚು ತೆಗೆದುಕೊಂಡು, ಸಂಜೆ ಅಪ್ಪನ ಕುರಿಗಳ ಕಡೆ ಹೊರಟುಬಿಡುತ್ತಿದ್ದ. ಖಾಜಾ ಬಿಡದೆ ಕೆಣಕಿದಾಗ ಕೊನೆಗೆ, "ಕುರಿ ಡಾಕ್ಟರ್" ಎಂದ.

"ಯಾ ಅಲ್ಲಾ! ಕುರಿಗೆ ನಾಲಿಗಿ ತೋರ್ಸು ಅಂತ ಹೆಂಗ ಹೇಳ್ತೀಯಲೇ?"

ಹಣಮಂತನೂ ನಕ್ಕ. ಆಮೇಲೆ ನಿಧಾನವಾಗಿ ಹೇಳಿದ. ಕಾಲುವೆ ದಂಡೆಯ ಹುಲ್ಲು ಸೊಂಪಾಗಿರುತ್ತದೆ, ಕುರಿ ಆಸೆಯಿಂದ ಮೇಯುತ್ತವೆ. ಕೆಲವು ತಿಂಗಳಿಗೆ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು ಇಳಿಯುತ್ತದೆ. ಮೇವು ಬಿಡುತ್ತವೆ, ಸಾಯುತ್ತವೆ. ಹಿಂದೆ ಬರಗಾಲದಲ್ಲೂ ಹೀಗೆ ಸತ್ತದ್ದನ್ನು ಅವನ ಅಪ್ಪ ಕಂಡಿರಲಿಲ್ಲ. "ನೀರು ಬಂದ್ರ ಎಲ್ಲಾರೂ ಬದುಕ್ತಾರ ಅಂದ್ರು. ನಮ್ಮ ಕುರಿ ಯಾಕ ಸಾಯಾಕತ್ತಾವು? ನನಗ ಅದೊಂದು ತಿಳಿಬೇಕಾಗೈತಿ." ಎಸ್ಸೆಸ್ಸೆಲ್ಸಿ ಪಾಸಾದರೆ ದನದ ದವಾಖಾನೆಯ ಕೆಲಸಕ್ಕೆ ತರಬೇತಿ ಕೊಡುತ್ತಾರೆಂದು ಹೆಡ್‌ಮಾಸ್ತರರು ಅವನಿಗೆ ಹೇಳಿದ್ದರು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಎರಡು ಪೇಪರ್ ಉಳಿದಿದ್ದಾಗ ಬೀರಪ್ಪ ಬಂದ. ಬಾಗಿಲ ಹೊರಗೇ ನಿಂತು, ಕೋಲು ಊರಿಕೊಂಡು, ಆಯಿಯ ಕಡೆ ಮುಖ ಮಾಡಿ ಮಾತಾಡಿದ.

"ಯವ್ವಾ, ಹುಡುಗನ್ನ ಕಳಸು. ಕುರಿ ಮಸ್ಕಿ ಕಡಿ ಹೊಡಕೊಂಡು ಹೋಗಬೇಕು. ಕಾಲುವಿ ಬಾಜೂಕ ಇದ್ರ ಒಂದೂ ಉಳಿಯಂಗಿಲ್ಲ. ನನಗೊಬ್ಬಗ ಆಗವಲ್ದು."

"ಇನ್ನ ಎರಡು ಪೇಪರ್ ಅದಾವ ಬೀರಪ್ಪಾ. ಅಷ್ಟು ಮುಗೀಲಿ."

"ಪೇಪರ್ ಮುಗಿಯೂದ್ರಾಗ ಕುರಿ ಮುಗಿತಾವ."

"ಅದಕ್ಕಽ ನಿನ್ನ ಮಗ ಓದಾಕತ್ತಾನ. ಯಾಕ ಸಾಯಾಕತ್ತಾವಂತ ಯಾರರ ಒಬ್ರು ತಿಳ್ಕೋಬೇಕೋ ಬ್ಯಾಡೋ? ನೀ ತಿಳ್ಕೊಂತೀಯೇನು, ನಾ ತಿಳ್ಕೊಂತೀನೇನು?"

ಬೀರಪ್ಪ ಕೋಲು ಗೋಡೆಗೆ ಒರಗಿಸಿದ. ಆಯಿ ಕೊಟ್ಟ ಮಜ್ಜಿಗೆ ಕುಡಿದು, "ಆಗಲಿ. ಮುಗಿಸಿ ಬಾ. ನಾ ಎಲ್ಲಿರ್ತೀನೋ ಗೊತ್ತಿಲ್ಲ, ಕೇಳ್ಕೊಂತ ಬಾ" ಎಂದು ಬಂದ ದಾರಿಯಲ್ಲೇ ತಿರುಗಿ ಹೋದ. ಕೊನೆಯ ಪೇಪರ್ ಮುಗಿದ ಮಧ್ಯಾಹ್ನ ನಾವೆಲ್ಲ ಬಸ್ಸಿಗೆ ಸಾಮಾನು ಕಟ್ಟುತ್ತಿದ್ದರೆ ಹಣಮಂತ ಮಸ್ಕಿಯ ದಾರಿ ಹಿಡಿದ. ಆಯಿ ರೊಟ್ಟಿ ಗಂಟು ಕೊಟ್ಟಳು. ಅವನು ಆಯಿಯ ಕಾಲು ಮುಟ್ಟಿ, ನಮ್ಮ ಕಡೆ ಕೈ ಎತ್ತಿ ಹೋದ.

ಮುಂಗಾರು ಶುರುವಾಗುವ ಹೊತ್ತಿಗೆ ರಿಸಲ್ಟ್ ಬಂತು. ನಾಲ್ವರೂ ಪಾಸು, ಹಣಮಂತ ಫಸ್ಟ್ ಕ್ಲಾಸು. ತರಬೇತಿಗೆ ಅರ್ಜಿ ಹಾಕಲು ವಾರವಷ್ಟೇ ಇದೆ, ಹುಡುಗ ಖುದ್ದು ಬರಬೇಕು ಎಂದರು ಹೆಡ್‌ಮಾಸ್ತರರು. ಆದರೆ ಹಣಮಂತನಿಗೆ ಹೇಳುವುದು ಹೇಗೆ? ಕುರಿ ಮಂದೆಗೆ ವಿಳಾಸವೆಲ್ಲಿ? ಖಾಜಾ ಅಪ್ಪನ ಸೈಕಲ್ ತೆಗೆದ, ವೀರಭದ್ರನನ್ನು ಹಿಂದೆ ಕೂರಿಸಿಕೊಂಡ. ಆಯಿಯ ತವರುಮನೆ ಮಸ್ಕಿ. ಅವಳು ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಹುಡುಗರು ಹುಡುಕಿದ್ದು ಹೊಲಗಳ ಗುರುತಿನಿಂದ. ಗೊಬ್ಬರಕ್ಕೆಂದು ರೈತರು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ ಕುರಿ ನಿಂತೆದ್ದ ಹೊಲದಲ್ಲಿ ಹಿಕ್ಕೆ ಕಪ್ಪಗೆ ಹಾಸಿರುತ್ತದೆ. ಕಾಲುವೆ ಕೆಳಗಿನವರು ಚೀಲದ ಗೊಬ್ಬರ ತರಲು ಶುರುಮಾಡಿದ್ದರು, ಅಲ್ಲಿ ಕುರಿ ಕರೆಯುವವರಿರಲಿಲ್ಲ. ಒಣ ಬೇಸಾಯದ ಹೊಲಗಳಲ್ಲಷ್ಟೇ ಆ ಗುರುತು. ಒಂದು ಹೊಲದವನು ಇನ್ನೊಂದು ಹೊಲ ತೋರಿಸಿದ. "ಬೀರಪ್ಪನ ಕುರಿ? ಹೋದ ವಾರ ಇಲ್ಲೇ ಇದ್ವು, ಆ ಕಡಿ ಹೋಗ್ಯಾವ ನೋಡ್ರಿ." ಗುರುತು ಹಳತಾಗಿದ್ದದ್ದು ಹೊಸತಾಗುತ್ತ ಬಂದ ಹಾಗೆ ಹುಡುಗರ ಉಮೇದಿ ಏರುತ್ತ ಹೋಯಿತಂತೆ. ಮರುದಿನ ಮಧ್ಯಾಹ್ನ ಮಸ್ಕಿಯಲ್ಲಿ ನಮ್ಮನ್ನು ಕಂಡಾಗ ಖಾಜಾ ಕುಣಿಯುತ್ತಿದ್ದ. "ಆಯಿ, ಸಿಕ್ಕ! ಗುಡ್ಡದ ಕೆಳಗಿನ ಹೊಲದಾಗ ಅದಾನಂತ!" ತುಂತುರು ಮಳೆಯಲ್ಲಿ ಎಲ್ಲರೂ ಹೊರಟೆವು.

ದೂರದಿಂದ ಕುರಿಗಳು ಕಂಡವು, ಬಹಳ ಕಡಿಮೆ. ಪಕ್ಕದಲ್ಲಿ ಒಂದು ಆಕಾರ ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಕುಳಿತಿತ್ತು. ಖಾಜಾ ಸೈಕಲ್ ಬಿಸಾಕಿ ಓಡಿದ. "ಲೇ ಹಣಮ್ಯಾ! ಪಾಸ್ ಆಗಿಯಲೇ! ಫಸ್ಟ್ ಕ್ಲಾಸ್!" ಆಕಾರ ಎದ್ದು ನಿಂತು ಕಂಬಳಿ ಸರಿಸಿತು. ಬೀರಪ್ಪ.

"ಯಾರಿಗೆ ಹೇಳಾಕತ್ತೀಯಪ್ಪಾ?" ಎಂದ.

ಅಮಾವಾಸ್ಯೆಗೆ ಮುಂಚೆ ಹಣಮಂತನಿಗೆ ಚಳಿಜ್ವರ ಬಂತಂತೆ. ಹೊತ್ತುಕೊಂಡು ಮಸ್ಕಿಯ ದವಾಖಾನೆಗೆ ಹೋದರಂತೆ, ಸೂಜಿ ಹಾಕಿದರಂತೆ. ಒಂದು ದಿನ ಇಳಿದು ಗಂಜಿ ಕುಡಿದ, ಮರುದಿನ ಏರಿ ಇಳಿಯಲೇ ಇಲ್ಲ. ಹೊಲದ ಬದುವಿನ ಬಾರಿ ಹಣ್ಣಿನ ಗಿಡದ ಕೆಳಗೆ ಹೊಸ ಮಣ್ಣು, ಮೇಲೆ ಕಲ್ಲು. ಬೀರಪ್ಪ ಕೈ ತೋರಿಸಿದ, ನಾವು ನೋಡಿದೆವು. ಆಯಿ ಸೆರಗು ಬಾಯಿಗಿಟ್ಟುಕೊಂಡಳು. ನಾವು ಹೊತ್ತು ತಂದ ಸುದ್ದಿಯನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

ಬೀರಪ್ಪ ಒದ್ದೆ ಕಂಬಳಿಯನ್ನೇ ನೆಲಕ್ಕೆ ಹಾಸಿ "ಕುಂದ್ರಿ" ಎಂದ. ಕುಳಿತೆವು. ಆಮೇಲೆ ಕೇಳಿದ. "ನೀವು ಸಾಲ್ಯಾಗ ಅವನ ಜೋಡಿ ಇದ್ದವರು. ನಾ ಒಂದಿನಾನೂ ಅವನ ಸಾಲಿ ನೋಡ್ಲಿಲ್ಲ. ಅಲ್ಲಿ ಹೆಂಗಿದ್ದ? ಏನ ಮಾತಾಡ್ತಿದ್ದ? ಹೇಳ್ರಿ."

ವೀರಭದ್ರ ಗಣಿತದ ವಿಷಯ ಹೇಳಿದ. ನಾನು ಮಾಳಿಗೆಯ ಸಂಜೆಯನ್ನು ಹೇಳಿದೆ, ಕುರಿ ಯಾಕೆ ಸಾಯುತ್ತವೆ ಎಂದು ತಿಳಿಯಬೇಕೆಂದು ಅವನು ಅಂದದ್ದನ್ನು. ಬೀರಪ್ಪ ತಲೆ ಆಡಿಸಿದ. "ಇನ್ನೊಂದು ಹೇಳ್ರಿ" ಎಂದ. ಆಯಿ ಅವನ ಊಟದ ಬಗ್ಗೆ ಹೇಳಿದಳು. "ಇನ್ನೊಂದು." ಇಡೀ ವರ್ಷ ಒಂದೇ ಕೋಣೆಯಲ್ಲಿ ಕುಳಿತಿದ್ದೆವು, ಆದರೆ ಅವನು ಆಡಿದ ಮಾತೇ ಅಷ್ಟು ಕಡಿಮೆ. ನಮ್ಮ ಹತ್ತಿರ ಇದ್ದದ್ದು ಮುಗಿದುಹೋಗಿತ್ತು.

ಆಗ ಖಾಜಾ ಶುರುಮಾಡಿದ. ಒಂದು ದಿನ ಮಾಸ್ತರರ ತಪ್ಪನ್ನು ಹಣಮಂತ ಹೇಗೆ ತಿದ್ದಿದ, ಮಳೆಯಲ್ಲಿ ಶಾಲೆಯ ಅಂಗಳಕ್ಕೆ ಬಂದ ಹಾವನ್ನು ಹೇಗೆ ಹಿಡಿದು ಬಿಟ್ಟ, ದವಾಖಾನೆಯ ಕೆಲಸ ಸಿಕ್ಕ ಮೇಲೆ ಅಪ್ಪನಿಗೆ ಮಗ್ಗದಿಂದ ಹೊಸ ಕಂಬಳಿ ನೇಯಿಸಿ ತರುತ್ತೇನೆ ಎಂದು ಹೇಗೆ ಹೇಳುತ್ತಿದ್ದ. ನನಗೆ ಅದೊಂದೂ ನೆನಪಿರಲಿಲ್ಲ. ವೀರಭದ್ರ ತಲೆ ತಗ್ಗಿಸಿದ್ದ. ಖಾಜಾನ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ.

"ನನ್ನ ಮಗ ಇಷ್ಟು ಮಾತಾಡ್ತಿದ್ದನೇನು?" ಎಂದ ಬೀರಪ್ಪ.

"ಮನ್ಯಾಗ ಇಲ್ಲ ಕಾಕಾ. ಸಾಲ್ಯಾಗ ಭಾಳ ಮಾತಾಡ್ತಿದ್ದ."

ಹಾವಿನ ಕಥೆಗೆ ಬೀರಪ್ಪ ಒಮ್ಮೆ ನಕ್ಕೂ ನಕ್ಕ. ಹೊತ್ತು ಇಳಿಯುವ ತನಕ ಕೇಳಿದ. ಎದ್ದಾಗ ಖಾಜಾನ ತಲೆ ಮುಟ್ಟಿ, "ಚಲೋ ಆತಪ್ಪಾ" ಎಂದ. ಅವನಿಗೆ ಎಷ್ಟು ಗೊತ್ತಾಗಿತ್ತೋ, ನಾನು ಅರಿಯೆ. ಆ ವರ್ಷವೇ ಉಳಿದ ಕುರಿ ಮಾರಿ ಎಲ್ಲಿಗೋ ಹೋದನೆಂದು ಕೇಳಿದೆವು.

ವೀರಭದ್ರ ಓವರ್ಸಿಯರ್ ಆಗಲಿಲ್ಲ, ಅಪ್ಪನ ಅಂಗಡಿಯಲ್ಲೇ ಕೂತ, ನಡು ವಯಸ್ಸಿನಲ್ಲಿ ತೀರಿಕೊಂಡ. ಟಾಕೀಸುಗಳು ಬೇರೆ ಯಾರಿಂದಲೋ ಬಂದವು. ಖಾಜಾ ಸಾಯುವ ತನಕ ಬಟ್ಟೆ ಹೊಲಿದ. ಆಯಿ ಹೋದಳು, ಲಿಂಗಸುಗೂರಿನ ಆ ಮನೆಯೂ ಹೋಯಿತು. ನಾನು ಟೀಚರ್ ಆದೆ. ಖಾಜಾ ಸಿಕ್ಕಾಗಲೆಲ್ಲ ನಾವು ಹಣಮಂತನ ಮಾತಾಡುತ್ತಿದ್ದೆವು, ವರ್ಷ ಕಳೆದಂತೆ ಎಲ್ಲ ಕಲಸಿಹೋಯಿತು. ಹಾವು ಹಿಡಿದವನು ಈಗ ನನ್ನ ಕಣ್ಣಿಗೂ ಕಟ್ಟಿದ್ದಾನೆ, ಒದ್ದೆ ಅಂಗಿ ಸಮೇತ. ಯಾವುದು ನಡೆದದ್ದು, ಯಾವುದು ಆ ಸಂಜೆ ಒಬ್ಬ ಅಪ್ಪನಿಗಾಗಿ ಹುಟ್ಟಿದ್ದು, ಬಿಡಿಸಿ ಹೇಳಬಲ್ಲವನು ಖಾಜಾ ಒಬ್ಬನೇ ಇದ್ದ.

ಒಂದು ಮಾತ್ರ ನಿಜವೆಂದು ನನಗೆ ಗೊತ್ತು, ಯಾಕೆಂದರೆ ಅಲ್ಲಿ ಖಾಜಾ ಇರಲಿಲ್ಲ. ಅಷ್ಟು ಗಂಡಸರ ನಡುವೆ ಆ ಹೊಲದಲ್ಲಿ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಪರೀಕ್ಷೆಯ ಮೊದಲ ಬೆಳಿಗ್ಗೆ ಹೆದರಿ ನಾನು ಹಿತ್ತಲಲ್ಲಿ ಅಳುತ್ತ ನಿಂತಿದ್ದೆ. ಹಣಮಂತ ಬಾವಿಯಿಂದ ನೀರು ಸೇದುತ್ತಿದ್ದ. ಕೊಡ ಬಗ್ಗಿಸಿ ನನ್ನ ಬೊಗಸೆಗೆ ನೀರು ಹಾಕಿದ, ನಾನು ಮುಖ ತೊಳೆದೆ. "ಮರಿ ಮೊದಲ್ನೇ ಸಲ ಹಳ್ಳ ದಾಟೂವಾಗ ಹಿಂಗಽ ನಿಂತುಬಿಡತೈತಿ ಶಾಂತಾ" ಎಂದ. "ಎಳಿಬಾರದು, ಹೊಡಿಬಾರದು. ಹಿಂದ ಯಾರರ ಒಬ್ರು ನಿಂತ್ರ ಸಾಕು, ದಾಟತೈತಿ. ಪರೀಕ್ಷ್ಯಾಗ ನನ್ನ ನಂಬರು ನಿನ್ನ ಹಿಂದ ಬಂದೈತಿ."

ಪರೀಕ್ಷೆಯ ಅಷ್ಟೂ ದಿನ ನಾನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.