ಹರಳೆಣ್ಣೆ ಹಚ್ಚಿದ ಚೆಂಡು

ನಮ್ಮ ಮನೆ ಒಡೆದದ್ದು ಒಂದು ಫುಟ್‌ಬಾಲಿನಿಂದ ಅಂತ ನಮ್ಮ ಬಳಗದವರು ಇವತ್ತಿಗೂ ಹೇಳುತ್ತಾರೆ. ಮದುವೆಯ ಪಂಕ್ತಿಯಲ್ಲಿ ಕೂತು ಹೇಳುತ್ತಾರೆ, ಸಿರುಗುಪ್ಪದ ಬಸ್ಸಿನಲ್ಲಿ ಪಕ್ಕಕ್ಕೆ ಸಿಕ್ಕವರಿಗೂ ಹೇಳುತ್ತಾರೆ. ಸಿರುಗುಪ್ಪದಿಂದ ಬಂದ ಸಣ್ಣ ಸೊಸೆ ತವರೂರು ಗೆಲ್ಲಲಿ ಅಂತ ಗಂಡನ ಮನೆಯ ಚೆಂಡನ್ನು ಬೇಕಂತಲೇ ಕೆಡಿಸಿದಳು, ಅಲ್ಲಿಂದ ಮನೆ ಎರಡಾಯಿತು, ಇಷ್ಟೇ ಕತೆ. ಚುಟುಕಾಗಿದೆ, ಕೊನೆಗೊಬ್ಬ ಅಪರಾಧಿಯೂ ಸಿಗುತ್ತಾಳೆ. ಇಷ್ಟು ಅಚ್ಚುಕಟ್ಟಾದ ಕತೆ ಕಂಡರೆ ನನಗೆ ಮೊದಲು ಹುಟ್ಟುವುದೇ ಗುಮಾನಿ. ಹೋದ ತಿಂಗಳು ಬಳ್ಳಾರಿಯಲ್ಲಿ ಕಿತ್ತ ಚಪ್ಪಲಿ ಹೊಲಿಸಲು ನಿಂತಿದ್ದಾಗ ಅಂಗಡಿಯೊಳಗಿನಿಂದ ಹರಳೆಣ್ಣೆಯ ವಾಸನೆ ಬಂತು. ದಪ್ಪನೆಯ, ಮೂಗಿನೊಳಗೆ ಇಳಿದು ಅಲ್ಲೇ ಕೂತುಬಿಡುವ ವಾಸನೆ. ಹತ್ತು ವರ್ಷದ ಹುಡುಗಿಯಾಗಿದ್ದಾಗ ನನ್ನ ಪಾಲಿಗೆ ಅದೇ ಮನೆಯ ವಾಸನೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಅದು ಬಂದಾಗ ಮನೆ ಇಡಿಯಾಗಿ ಎದುರಿಗೆ ನಿಲ್ಲುತ್ತದೆ, ನಾವು ಮಾತ್ರ ಹೊರಗೇ ಉಳಿಯುತ್ತೇವೆ.

ಕುರುಗೋಡಿನಲ್ಲಿ ಗುಡ್ಡದ ಬಂಡೆಗೆ ಬೆನ್ನು ಕೊಟ್ಟು ನಿಂತ ಮನೆ ಅದು. ಮಧ್ಯಾಹ್ನವೆಲ್ಲ ಬಿಸಿಲು ಕುಡಿದ ಬಂಡೆ ಸಂಜೆಗೆ ಅದನ್ನು ಹಿತ್ತಲಿಗೆ ಉಗುಳುತ್ತಿತ್ತು. ಅಡುಗೆಮನೆಯಲ್ಲಿ ಅವ್ವ, ದೊಡ್ಡವ್ವ, ಚಿಗವ್ವ ಮೂವರೂ ರೊಟ್ಟಿ ಬಡಿಯುವ ಸದ್ದು ಪಡಸಾಲೆಯವರೆಗೆ ಬರುತ್ತಿತ್ತು. ಯಾವ ಸದ್ದು ಯಾರದೆಂದು ಕಣ್ಣು ಮುಚ್ಚಿ ಹೇಳಬಹುದಿತ್ತು, ಚಿಗವ್ವನದು ಎಲ್ಲರಿಗಿಂತ ಅವಸರದ ಬಡಿತ. ಪಡಸಾಲೆ ಮಾತ್ರ ದೊಡ್ಡಪ್ಪನದು. ದೊಡ್ಡಪ್ಪ ಸಾಲಿಯಲ್ಲಿ ಆಟ ಕಲಿಸಿ ರಿಟೈರಾದ ಮೇಷ್ಟ್ರು, ಊರಿನ ಫುಟ್‌ಬಾಲ್ ತಂಡಕ್ಕೆ ಗುರು, ಮನೆಗೆ ಯಜಮಾನ. ಬೇರೆಯವರ ಮನೆಯಲ್ಲಿ ದೀಪ ಇಡುವ ಗೋಡೆಯ ಗೂಡುಗಳಲ್ಲಿ ನಮ್ಮಲ್ಲಿ ಚೆಂಡುಗಳಿರುತ್ತಿದ್ದವು. ಬಾಯಿಗೆ ದಾರ ಬಿಗಿದ ಹಳೆಯ ತೊಗಲಿನ ಚೆಂಡು, ಕಪ್ಪು ಬಿಳಿ ತುಂಡುಗಳದು, ಬಣ್ಣ ಮಾಸಿದ ಇನ್ನೆರಡು. ಆಯುಧಪೂಜೆಗೆ ಎಲ್ಲಕ್ಕೂ ಮೂರು ಬೆರಳಿನ ವಿಭೂತಿ. ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಆಗಾಗ ಉಜ್ಜಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ತೊಗಲು ಮೆತ್ತಗಾಗಿ ಒದೆಯುವವನ ಕಾಲಿನ ಮಾತು ಕೇಳುತ್ತದೆ ಎಂಬುದು ದೊಡ್ಡಪ್ಪನ ನಂಬಿಕೆ. ಆ ಕೆಲಸ ಮನೆಯ ಸೊಸೆಯಂದಿರದು. ದೊಡ್ಡಪ್ಪ ಹೇಳದೆ ಯಾರೂ ಚೆಂಡು ಮುಟ್ಟುವಂತಿರಲಿಲ್ಲ.

ಸಂಜೆ ದೊಡ್ಡಪ್ಪ ನಮಗೆಲ್ಲ ವಿಶ್ವಕಪ್ಪಿನ ಚೆಂಡುಗಳ ಪುರಾಣ ಹೇಳುತ್ತಿದ್ದರು. ಮೊದಲ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಅರ್ಜೆಂಟೀನಾ, ಉರುಗ್ವೆ ಎರಡೂ ತಮ್ಮ ಚೆಂಡೇ ಬೇಕೆಂದು ಹಟ ಹಿಡಿದವಂತೆ. ಕೊನೆಗೆ ಅರ್ಧ ಆಟ ಇವರ ಚೆಂಡು, ಅರ್ಧ ಆಟ ಅವರ ಚೆಂಡು ಅಂತಾಯಿತು. ಮೊದಲರ್ಧದಲ್ಲಿ ಅರ್ಜೆಂಟೀನಾ ಮುಂದಿತ್ತು, ಚೆಂಡು ಬದಲಾದ ಮೇಲೆ ಉರುಗ್ವೆ ಗೆದ್ದಿತು. ಗೆದ್ದದ್ದು ಚೆಂಡಿನಿಂದಲೇ ಅನ್ನುವುದಕ್ಕೆ ಆಧಾರ ಏನು ಅಂತ ಇವತ್ತು ಕೇಳುತ್ತೇನೆ, ಅವತ್ತು ಬಾಯಿ ಬಿಟ್ಟುಕೊಂಡು ನಂಬಿದ್ದೆ. ಆ ಕಾಲದ ತೊಗಲಿನ ಚೆಂಡು ಮಳೆ ನೀರು ಕುಡಿದು ಕಲ್ಲಾಗುತ್ತಿತ್ತು, ತಲೆ ಕೊಟ್ಟವನ ಹಣೆಯನ್ನು ದಾರದ ಗಂಟು ಸೀಳುತ್ತಿತ್ತು. ಆಮೇಲೆ ದಾರ ಹೋಯಿತು. ಎಪ್ಪತ್ತರಲ್ಲಿ ಟಿ.ವಿ.ಯಲ್ಲಿ ಚೆನ್ನಾಗಿ ಕಾಣಲೆಂದು ಕಪ್ಪು ಬಿಳಿಯಾಯಿತು. ಎಂಬತ್ತಾರಕ್ಕೆ ತೊಗಲೇ ಹೋಯಿತು. ಇದನ್ನು ಹೇಳುವಾಗ ಹಿರಿಯರು ಯಾರೋ ತೀರಿಕೊಂಡಂತೆ ಅವರ ದನಿ ಇಳಿಯುತ್ತಿತ್ತು. ನಮ್ಮ ಕುರುಗೋಡು, ಸಿರುಗುಪ್ಪ ತಂಡಗಳ ವರ್ಷದ ಪಂದ್ಯಕ್ಕೂ ದೊಡ್ಡಪ್ಪ ಅದೇ ಉರುಗ್ವೆಯ ಕಾಯಿದೆ ತಂದಿದ್ದರು. ಮೊದಲರ್ಧ ಬಂದವರ ಚೆಂಡು, ಎರಡನೆಯದು ಊರವರದು.

ಕಾಕಾನ ಹೆಂಡತಿ ಚಿಗವ್ವ ಆ ಸಿರುಗುಪ್ಪದವಳೇ. ಅಕ್ಕಿ ಗಿರಣಿಯ ಹೊಟ್ಟಿನ ಗುಡ್ಡೆ ಹತ್ತಿ ಪಂದ್ಯ ನೋಡುತ್ತ ಬೆಳೆದವಳು, ನಮ್ಮ ಮನೆಯ ಹೆಂಗಸರಲ್ಲಿ ಫುಟ್‌ಬಾಲೆಂದರೆ ಕಿವಿ ನಿಮಿರಿಸುತ್ತಿದ್ದವಳು ಅವಳೊಬ್ಬಳೇ. ಆದರೆ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಿಂದ ಅವಳು ನನ್ನ ಮೂಲಕ ಕೇಳುತ್ತಿದ್ದಳು. "ಹಣಿ ಒಡಕೊಂಡವ್ರು ಆಮ್ಯಾಲೂ ತಲಿ ಕೊಡ್ತಿದ್ರೇನು, ಕೇಳು." ದೊಡ್ಡಪ್ಪ ನನ್ನತ್ತ ನೋಡಿ ಉತ್ತರ ಕೊಡುತ್ತಿದ್ದರು. "ತಲಿ ಇದ್ದವ್ರು ಕೊಡ್ತಿರ್ಲಿಲ್ಲ ಅಂತ ಹೇಳು ನಿಮ್ಮ ಚಿಗವ್ವಗ." ಇಬ್ಬರ ನಡುವೆ ನಾಲ್ಕು ಮಾರು ದೂರ, ಇಬ್ಬರಿಗೂ ಇಬ್ಬರ ಮಾತೂ ನೆಟ್ಟಗೆ ಕೇಳುತ್ತಿತ್ತು. ಆದರೂ ನಾನೆಂಬ ಅಂಚೆ ಬೇಕಿತ್ತು. ಚಿಗವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಆ ನಗೆ ಪಡಸಾಲೆಗೆ ಕೇಳಿಸಿದರೆ ದೊಡ್ಡಪ್ಪನ ಮೀಸೆಯೂ ಸಣ್ಣಗೆ ಕದಲುತ್ತಿತ್ತು. ಇದನ್ನೂ ಹೇಳಲೇಬೇಕು, ಇಲ್ಲವಾದರೆ ನಾನೂ ಬಳಗದವರ ಹಾಗೆ ಬೇಕಾದಷ್ಟನ್ನೇ ಹೇಳಿದಂತಾಗುತ್ತದೆ.

ಎರಡು ಸಾವಿರದ ಹತ್ತರ ವಿಶ್ವಕಪ್ ಮುಗಿದ ಮೇಲೆ ದೊಡ್ಡಪ್ಪ ಬಳ್ಳಾರಿಯಿಂದ ಆ ವರ್ಷದ ಚೆಂಡು ತಂದರು. ಅಸಲಿನ ನಕಲೋ, ನಕಲಿನ ನಕಲೋ, ಯಾರಿಗೆ ಗೊತ್ತು. ಹೊಲಿಗೆಯೇ ಇಲ್ಲ, ತುಂಡುಗಳನ್ನು ಅಂಟಿಸಿದ್ದು. ಆಫ್ರಿಕಾದಲ್ಲಿ ಗೋಲ್‌ಕೀಪರುಗಳೆಲ್ಲ ಈ ಚೆಂಡು ಗಾಳಿಯಲ್ಲಿ ದಾರಿ ತಪ್ಪುತ್ತದೆಂದು ಬೈದಿದ್ದರಂತೆ. ಸಿರುಗುಪ್ಪದ ಪಂದ್ಯದ ಹಿಂದಿನ ದಿನ ಅದನ್ನು ನನ್ನ ಕೈಗೆ ಕೊಟ್ಟು, ಎಣ್ಣಿ ಹಚ್ಚಿ ಮಾಳಿಗಿ ಮ್ಯಾಲ ಇಡಂತ ಹೇಳು ಅಂದರು. ನಾನು ಒಯ್ದು ಕೊಟ್ಟೆ. ಚಿಗವ್ವ ಚೆಂಡನ್ನು ತಿರುಗಿಸಿ ನೋಡಿದಳು, ಉಗುರಿನಿಂದ ಗೀರಿದಳು, ಬಾಗಿಲಿಗೆ ಬಂದು ನಿಂತಳು.

"ಇದು ತೊಗಲಲ್ಲ, ಹಚ್ಚಬೇಕೇನು ಕೇಳು."

ದೊಡ್ಡಪ್ಪ ತಲೆ ಎತ್ತಲಿಲ್ಲ. "ಚೆಂಡು ಅಂದ್ರ ಚೆಂಡು. ಹೇಳಿದಷ್ಟು ಮಾಡಂತ ಹೇಳು."

ಅವಳು ಹೇಳಿದಷ್ಟು ಮಾಡಿದಳು. ತೊಗಲು ಹೋಯಿತೆಂದು ದನಿ ಇಳಿಸಿ ಮರುಗುತ್ತಿದ್ದ ಮನುಷ್ಯನಿಗೆ ಎಣ್ಣೆ ಹಚ್ಚಿಸುವ ಹೊತ್ತಿಗೆ ಅದು ನೆನಪಾಗಲಿಲ್ಲವೋ, ನೆನಪಾಗಿಯೂ ಸೊಸೆ ಹೇಳಿದಳೆಂದು ಬದಲಾಗಬೇಕೇ ಅನ್ನಿಸಿತೋ, ಎರಡರಲ್ಲಿ ಯಾವುದೆಂದು ನನಗೆ ಇವತ್ತಿಗೂ ತೀರ್ಮಾನಿಸಲಾಗಿಲ್ಲ.

ಮರುದಿನ ಸಿರುಗುಪ್ಪದ ಗಿರಣಿ ಪಕ್ಕದ ಬಯಲಿನಲ್ಲಿ ಆಟ ಶುರುವಾದದ್ದು ನಮ್ಮ ಚೆಂಡಿನಿಂದ. ನಾನು ಅಪ್ಪನ ಪಕ್ಕ ನಿಂತಿದ್ದೆ. ಚೆಂಡು ನಮ್ಮ ಗೋಲ್‌ಕೀಪರನ ಕೈಯಿಂದಲೇ ಮೀನಿನಂತೆ ಜಾರಿತು. ಜನರೊಳಗಿಂದ ಒಬ್ಬ, ಇವರಿಗೆ ದೀಪಾವಳಿ ಈಗೇ ಬಂದೈತಿ, ಚೆಂಡಿಗೆ ಎಣ್ಣಿ ಹಚ್ಚಿ ಎರದು ತಂದಾರ ಅಂದ. ಆಮೇಲೆ ಎಣ್ಣೆಗೆ, ಬಿಸಿಲಿಗೆ ಅಂಟು ಬಿಟ್ಟು ಒಂದು ತುಂಡು ಏಳತೊಡಗಿತು. ಯಾರೋ ಜೋರಾಗಿ ಒದ್ದಾಗ ಇನ್ನೊಂದು. ಒಳಗಿನ ಬ್ಲಾಡರ್ ನಾಯಿಯ ನಾಲಿಗೆಯಂತೆ ಹೊರಗೆ ಬಂತು. "ಉಳ್ಳಾಗಡ್ಡಿ ಆಡಾಕತ್ತಾರಲೇ, ಸಿಪ್ಪಿ ಸುಲಿಯಾಕತ್ತೈತಿ" ಅಂತ ಕೂಗು ಎದ್ದು, ಬಯಲೆಲ್ಲ ನಗೆ. ಉಳಿದ ಆಟವನ್ನೆಲ್ಲ ಅವರ ಚೆಂಡಿನಲ್ಲೇ ಆಡಿ ಸೋತೆವು. ವಾಪಸು ಬರುವ ಟೆಂಪೋದಲ್ಲಿ ಒಡೆದ ಚೆಂಡು ದೊಡ್ಡಪ್ಪನ ತೊಡೆಯ ಮೇಲಿತ್ತು.

ಮನೆಯಲ್ಲಿ ಪಂಚಾಯ್ತಿಕೆ ನಡೆದದ್ದು ಪಡಸಾಲೆಯಲ್ಲೇ. ಎಣ್ಣೆ ಹಚ್ಚಿದವರು ಯಾರು ಅಂತ ತಂಡದ ಹಿರಿಯರು ಕೇಳಿದರು. ಸಣ್ಣ ಸೊಸೆ ಅಂತ ದೊಡ್ಡವ್ವ ಹೇಳಿದಳು. ಸಣ್ಣ ಸೊಸೆಯ ತವರು ಯಾವುದು ಅಂತ ಯಾರೂ ಕೇಳಬೇಕಿರಲಿಲ್ಲ. "ತವರಿನ ದೀಪಕ್ಕ ನಮ್ಮ ಮನಿ ಎಣ್ಣಿ ಸುರುವಿದಳಲ್ಲ" ಅಂತ ದೊಡ್ಡವ್ವ ಅಂದಾಗ ಅಲ್ಲಿದ್ದವರೆಲ್ಲ ದೊಡ್ಡಪ್ಪನ ಮುಖ ನೋಡಿದರು. ಅವರು ಕೈಯಲ್ಲಿದ್ದ ಚೆಂಡಿನ ಎದ್ದ ತುಂಡನ್ನು ಒತ್ತಿ ಒತ್ತಿ ಕೂರಿಸಲು ನೋಡುತ್ತಿದ್ದರು. ಚಿಗವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಎದುರಿಗೆ ಬಂದು ಮಾತಾಡಿದ್ದರೆ ಮರ್ಯಾದೆಗೆಟ್ಟವಳು, ಆಡದಿದ್ದಕ್ಕೆ ತಪ್ಪಿತಸ್ಥೆ. ನಾನು ಹೇಳಿದೆ. ದೊಡ್ಡಪ್ಪನೇ ಹಚ್ಚಾಕ ಹೇಳಿದ್ರು, ಚಿಗವ್ವ ಬ್ಯಾಡೇನೋ ಅಂತ ಕೇಳಿಸಿದಳು, ನಾನೇ ಹೇಳಿ ಬಂದೆ ಅಂದೆ. ಹಿರಿಯರೊಬ್ಬರು ನಕ್ಕು, ಹುಡುಗಿಗೆ ಚಿಗವ್ವ ಚೆನ್ನಾಗಿ ಪಾಠ ಹೇಳಿಕೊಟ್ಟಾಳ ಅಂದರು. ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಕಾಕಾ ಮಾತ್ರ ಅಣ್ಣನ ಮುಂದೆ ನಿಂತು, ನೀನೊಂದು ಮಾತು ಹೇಳಿದರೆ ಸಾಕು ಅಂದ. ದೊಡ್ಡಪ್ಪ ಎದ್ದು ಹಿತ್ತಲಿಗೆ ಹೋದರು.

ಮನೆ ಒಡೆದದ್ದು ಆಗ. ಶ್ರಾವಣಕ್ಕೆ ಮುಂಚೆ ಕಾಕಾ, ಚಿಗವ್ವ ದೇಶನೂರಿಗೆ ಹೋಗಿ ಭತ್ತದ ಹೊಲ ಮಾಡಿಕೊಂಡರು. ಹಬ್ಬಕ್ಕೆ ಕರೆ ಹೋಗಲಿಲ್ಲ, ಅವರೂ ಬರಲಿಲ್ಲ. ಅಪ್ಪ ನಮ್ಮನ್ನು ಬಳ್ಳಾರಿಗೆ ಕರೆತಂದ, ದೊಡ್ಡಪ್ಪನೂ ಕೆಲವು ವರ್ಷದ ಮೇಲೆ ಮಗನ ಜೊತೆ ಬಳ್ಳಾರಿಗೇ ಬಂದರು. ಕುರುಗೋಡಿನ ಮನೆ ಕೊಂಡವರು ಗೂಡುಗಳಿಗೆ ಸಿಮೆಂಟು ತುಂಬಿ ಗೋಡೆ ನುಣ್ಣಗೆ ಮಾಡಿದ್ದಾರೆ. ರಜೆಗೆ ದೇಶನೂರಿಗೆ ಹೋದಾಗ ಚಿಗವ್ವ ನನಗೆ ಹೊಸ ಅಕ್ಕಿಯ ಅನ್ನ ಮಾಡಿ ಬಡಿಸುತ್ತಿದ್ದಳು. ಫುಟ್‌ಬಾಲಿನ ಮಾತು ತೆಗೆದರೆ ಎದ್ದು ಒಲೆಯ ಬೆಂಕಿ ಸರಿಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ತೀರಿಕೊಂಡಳು. ಮಣ್ಣಿಗೆ ದೊಡ್ಡಪ್ಪ ಬಂದಿದ್ದರು, ಹಿಡಿ ಮಣ್ಣು ಹಾಕಿದರು. ಹೆಂಗಸರ ಗುಂಪಿನಲ್ಲಿ ಯಾರೋ ಹೊಸಬರಿಗೆ, ಚೆಂಡು ಕೆಡಿಸಿದಾಕಿ ಈಕಿನ ಅಂತ ಪರಿಚಯ ಮಾಡಿಕೊಡುತ್ತಿದ್ದರು. ದೊಡ್ಡಪ್ಪನಿಗೂ ಅದು ಕೇಳಿಸಿತು. ಕೈಗೆ ಹತ್ತಿದ ಮಣ್ಣು ಕೊಡವುತ್ತ ನಿಂತಿದ್ದರು.

ಚಪ್ಪಲಿ ಹೊಲಿಸಿಕೊಂಡ ದಿನ ನೆಟ್ಟಗೆ ದೊಡ್ಡಪ್ಪನಲ್ಲಿಗೇ ಹೋದೆ. ಮೊಮ್ಮಗನ ಫೋನಿನಲ್ಲಿ ಏನೋ ನೋಡುತ್ತ ಕೂತಿದ್ದರು, ನನ್ನನ್ನು ಕಂಡು ಖುಷಿಪಟ್ಟರು. ಪಕ್ಕಕ್ಕೆ ಕೂರಿಸಿಕೊಂಡು, ಈಗಿನ ವಿಶ್ವಕಪ್ ಚೆಂಡಿನ ಹೊಟ್ಟೆಯೊಳಗೆ ಒಂದು ಯಂತ್ರ ಇಡುತ್ತಾರೆ ಅಂತ ಹೇಳತೊಡಗಿದರು. ಅದೇ ಹಳೆಯ ಪುರಾಣದ ದನಿ. ನನಗೆ ಒಂದು ಗಳಿಗೆ ರೊಟ್ಟಿ ಬಡಿಯುವ ಸದ್ದೂ ಕೇಳಿದಂತಾಯಿತು.

"ಚೆಂಡು ಯಾರು ಮುಟ್ಟಿದ್ರು, ಯಾವ ಗಳಿಗ್ಯಾಗ ಮುಟ್ಟಿದ್ರು, ಎಲ್ಲಾ ಗೊತ್ತಾಗತೈತಿ ನೋಡವ್ವ. ಈಗ ಯಾರಿಗೂ ಸುಳ್ಳು ಹೇಳಾಕ ಬರಂಗಿಲ್ಲ."

ನಾನು ಫೋನನ್ನು ಅವರ ಕೈಯಿಂದ ತೆಗೆದು ಕೆಳಗಿಟ್ಟೆ.

"ಮುಟ್ಟಿದವ್ರು ಗೊತ್ತಾಗ್ತಾರ, ಸರಿ ದೊಡ್ಡಪ್ಪ. ಮುಟ್ಟಂತ ಹೇಳಿದವ್ರು?"