ಹಲ್ಲಿ ಸಿಕ್ಕಿಬಿದ್ದ ದಿನ

ಮುಂದಿನ ವಾರ ಗಂಡ ಮತ್ತೆ ಗಡಿಗೆ ಹೊರಡುತ್ತಾನೆ ಎಂಬ ಚಿಂತೆ ಅವಳ ತಲೆಯನ್ನು ಹುಳುವಿನಂತೆ ಕೊರೆಯುತ್ತಿತ್ತು. ಹಾಲು ಉಕ್ಕಿದರೂ ಅದೇ ನೆನಪು, ಮಗಳ ಬೂಟು ಅದಲುಬದಲಾದರೂ ಅದೇ.

ಅವನು ಸೈನ್ಯದಲ್ಲಿ ಸ್ಕೌಟ್. ದೂರಕ್ಕೆ ಗುರಿಯಿಡುವ ಬಂದೂಕು ಕೈಯಲ್ಲಿದ್ದರೂ ಗುಂಡು ಹಾರಿಸುವುದು ಕೊನೆಯ ಮಾತು. ಎಲ್ಲರಿಗಿಂತ ಮುಂದೆ ತೆವಳಿಹೋಗಿ, ಶತ್ರುವಿನ ಮೂಗಿನ ಕೆಳಗೇ ಹಗಲೆಲ್ಲ ಮಲಗಿ, ಕಂಡದ್ದನ್ನು ಬಂದು ಹೇಳುವುದೇ ಅವನ ಕಸುಬು. ಮೈಮೇಲೆ ಇರುವೆ ಹರಿದರೂ ಮಿಸುಕದ ಅವನಿಗೆ ಜೊತೆಯವರು ಇಟ್ಟ ಹೆಸರು ಹಲ್ಲಿ. ಗೋಣಿದಾರ, ಒಣಹುಲ್ಲು ಸೇರಿಸಿ ಹೊಲಿದ ಅವನ ಉಡುಪು ಬಾಲ್ಕನಿಯಲ್ಲಿ ನೇತಾಡಿದಾಗಲೆಲ್ಲ ಎದುರುಮನೆಯಾಕೆ, "ಏನ್ರೀ, ಕರಡಿ ತೊಳೆದು ಹಾಕಿದ್ದೀರಾ?" ಎಂದು ನಗುತ್ತಿದ್ದಳು.

ಸೈನಿಕರ ಮನೆಯವರನ್ನು ತರಬೇತಿ ಮೈದಾನಕ್ಕೆ ಕರೆಯುವ ದಿನ, ಅಡಗಿದ ಸ್ಕೌಟ್‌ಗಳನ್ನು ಹುಡುಕುವ ಆಟವಿರುತ್ತಿತ್ತು. ಹೋದ ಸಲ ದುರ್ಬೀನು ಹಿಡಿದು ಕಣ್ಣು ನೋಯಿಸಿಕೊಂಡದ್ದಷ್ಟೇ ಬಂತು. ಅವನು ಅವಳ ಚಪ್ಪಲಿಯ ಪಕ್ಕದ ಪೊದೆಯಿಂದಲೇ ಎದ್ದು ಬಂದಿದ್ದ. ಈ ಸಲ ದುರ್ಬೀನಿಲ್ಲ. ಡೇರೆಯೊಳಗೊಂದು ಪರದೆ. ಅದರ ಮುಂದೆ ಗಂಡನ ಹಳೆಯ ಜೊತೆಗಾರ. ಒಂದು ಕಾಲಕ್ಕೆ ಅವನ ಪಕ್ಕದಲ್ಲೇ ಮಲಗಿ ಗಾಳಿ, ದೂರ ಅಳೆದು ಪಿಸುಗುಡುತ್ತಿದ್ದವನು ಈಗ ಡ್ರೋನ್ ಹಾರಿಸುತ್ತಾನೆ.

"ಮೈ ಬಿಸಿ ಹಿಡಿಯೋ ಕ್ಯಾಮೆರಾ, ಅತ್ತಿಗೆ. ಈಗ ನಾವು ಹಿಂದೆ ಗುಂಡಿಯಲ್ಲಿ ಕೂತು ಇದನ್ನ ಮುಂದೆ ಕಳಿಸ್ತೀವಿ. ನನ್ನ ತಂಡದಲ್ಲಿ ಒಂದು ಜಾಗ ಖಾಲಿ ಇದೆ. ನಾನು ಕರೆದ್ರೆ ಬೈತಾನೆ. ನೀವು ಒಪ್ಪಿಸಿ, ಒಂದು ಫೋನ್ ಮಾಡಿ."

ಪರದೆಯ ಮೇಲೆ ಬೂದು ಬಯಲು ಸರಿಯತೊಡಗಿತು. ಜೊತೆಗಾರನಿನ್ನೂ ಏನನ್ನೂ ತೋರಿಸಿರಲಿಲ್ಲ, ಅಷ್ಟರಲ್ಲೇ ಅವಳ ಸೊಂಟದ ಮೇಲಿದ್ದ ಮಗಳು ಬೆರಳು ಚಾಚಿದಳು.

"ಅಪ್ಪ ತಾಚಿ!"

ಬೆಳ್ಳಗೆ ಒಂದು ಆಕೃತಿ ಬೋರಲು ಬಿದ್ದಿತ್ತು. ಮಂಚದ ಮೇಲೆ ಮಲಗುವ ಹಾಗೆಯೇ ಒಂದು ಕಾಲು ಮಡಿಸಿಕೊಂಡಿತ್ತು. ಡೇರೆಯಲ್ಲಿದ್ದವರು ಗೊಳ್ಳೆಂದು ನಕ್ಕರು. ಅವಳು ಮಗಳನ್ನು ಎದೆಗೊತ್ತಿಕೊಂಡಳು. ಮಾತಿನ್ನೂ ತೊದಲುವ ಮಗುವಿಗೆ ಕಂಡದ್ದು ಗಡಿಯಾಚೆಯವರಿಗೆ ಕಾಣದಿದ್ದೀತೆ?

ಸಂಜೆಯೆಲ್ಲ ಫೋನ್ ಎತ್ತಿದಳು, ಇಟ್ಟಳು. ಗಂಡನನ್ನು ಕೇಳದೆ ಹೇಗೆ?

"ನಾನು ಅಡಗೋ ಜಾಗ ಎಲ್ಲಾ ಆ ಡ್ರೋನಿನವನಿಗೆ ಬಾಯಿಪಾಠ ಕಣೇ," ಅವನು ಬೂಟು ಒರೆಸುತ್ತ ಗೊಣಗಿದ. "ಅದಕ್ಕೇ ಸಿಕ್ಕಿಬಿದ್ದೆ. ಬೇರೆಯವರಾಗಿದ್ರೆ ತಿಪ್ಪರಲಾಗ ಹಾಕಿದ್ರೂ ಸಿಕ್ತಿರಲಿಲ್ಲ."

"ಅವರ ತಂಡಕ್ಕೇ ಸೇರ್ಕೊಳ್ಳಿ ಅಂದ್ರೆ..."

"ಗಾಳಿಪಟ ಹಾರಿಸೋಕೆ ನಾನೇನು ಎಳೆಮಗುನಾ?"

"ನಿಮ್ಮನ್ನ ಹುಡುಕಿದ್ದು ಅವರಲ್ಲ ರೀ."

"ಮತ್ತಿನ್ಯಾರು?"

"ಇವಳು. ಅವರು ಬಾಯಿ ಬಿಡೋ ಮುಂಚೆನೇ ಅಪ್ಪ ತಾಚಿ ಅಂದ್ಲು."

ನಗಲು ಬಾಯಿ ತೆರೆದವನು ಹಾಗೇ ಉಳಿದ. ನೆಲದ ಮೇಲೆ ಲೋಟ ಉರುಳಿಸುತ್ತಿದ್ದ ಮಗಳನ್ನು ನೋಡಿದ. ಒಂದು ಬೂಟು ಕೈಯಿಂದ ಜಾರಿದ್ದೂ ಅವನಿಗೆ ತಿಳಿಯಲಿಲ್ಲ.

"ಇವಳಿಗಾ?" ಎಂದ. "ಇವಳಿಗೆ ನಾನು ಕಾಣಿಸಿದ್ನಾ?"

ಅವಳು ಫೋನ್ ಒತ್ತಿದಳು.

"ಯಾರಿಗೆ?"

"ನಿಮ್ಮ ಜೊತೆಗಾರರಿಗೆ. ಬೇಡ ಅನ್ನೋದಾದ್ರೆ ಈಗಲೇ ಅನ್ನಿ."

ಅವನು ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ.

"ಹೇಳಿ ಅತ್ತಿಗೆ," ಎಂದಿತು ಆ ಕಡೆಯ ದನಿ.

"ಆ ಜಾಗ ಇನ್ನೂ ಇದೆಯಾ?" ಅವಳು ಕೇಳಿದಳು. "ಇದ್ರೆ ಯಾರಿಗೂ ಕೊಡ್ಬೇಡಿ. ಇವರು ಇಲ್ಲೇ ಇದ್ದಾರೆ, ಮಾತಾಡ್ತಾರೆ."